ಜೋಗದ ಸಿರಿ ಬೆಳಕಿನಲ್ಲಿ: ‘ನಿತ್ಯೋತ್ಸವ’ ಹಾಡಿನ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಶಿವಮೊಗ್ಗದಲ್ಲಿ ಮನೆಯ ಜಗಲಿಯ ಮೇಲೆ ಕೂತು ಮಕ್ಕಳಿಗೆ ಸುಗಮ ಸಂಗೀತ ಹೇಳಿಕೊಡುತ್ತೇನೆ. ಸಂಜೆ ಹೊತ್ತು ಕೆಲಸ ಮುಗಿಸಿ ಬರುವ ದೊಡ್ಡವರೂ ಇದ್ದಾರೆ. ಅಕ್ಟೋಬರ್ ಬಂತು ಅಂದರೆ ಎಲ್ಲರಿಗೂ ಬೇಕಾಗುವುದು ಒಂದೇ ಹಾಡು. ರಾಜ್ಯೋತ್ಸವಕ್ಕೆ ಅದನ್ನು ಹಾಡದ ಶಾಲೆ ನಮ್ಮ ಕಡೆ ಅಪರೂಪ. ಪಾಠದ ನಡುವೆ, ಕಾರ್ಯಕ್ರಮ ಮುಗಿದ ಮೇಲೆ, ಫೋನಿನಲ್ಲಿ, ಒಮ್ಮೊಮ್ಮೆ ಪತ್ರದಲ್ಲಿ ಜನ ಕೇಳಿದ ಪ್ರಶ್ನೆಗಳನ್ನು ಬರೆದಿಟ್ಟುಕೊಳ್ಳುತ್ತಾ ಬಂದೆ. ಅವನ್ನು ಕೇಳಿದವರ ಮಾತಿನಲ್ಲೇ ಇಲ್ಲಿ ಕೊಟ್ಟಿದ್ದೇನೆ. ಮೊದಲಿನವು ಸುಲಭದವು. ಮುಂದೆ ಹೋದಂತೆ ಸ್ವಲ್ಪ ಕೂತು ಯೋಚಿಸಬೇಕಾದವು.

## ಮೊದಲ ಪರಿಚಯ

ಇದನ್ನ ಬರೆದೋರು ಕುವೆಂಪು ಅಲ್ವಾ? ಮಲೆನಾಡಿನ ಹಾಡು ತಾನೇ?

ಅಲ್ಲ. ಬರೆದವರು ಕೆ. ಎಸ್. ನಿಸಾರ್ ಅಹಮದ್. ಕವನದ ಹೆಸರು ‘ನಿತ್ಯೋತ್ಸವ’. ಅದೇ ಹೆಸರಿನ ಕವನ ಸಂಕಲನ 1976ರಲ್ಲಿ ಬಂತು. ಜೋಗ, ತುಂಗೆ, ಸಹ್ಯಾದ್ರಿ ಅಂತ ಶುರುವಿನಲ್ಲೇ ಬರುವುದರಿಂದ ಕುಪ್ಪಳಿಯ ಕವಿಯೇ ಬರೆದಿರಬೇಕು ಅಂತ ತುಂಬಾ ಜನ ಅಂದುಕೊಳ್ಳುತ್ತಾರೆ. ಆದರೆ ಪದಗಳನ್ನು ಹತ್ತಿರದಿಂದ ನೋಡಿದರೆ ಬೇರೆ ಕೈ ಕಾಣುತ್ತದೆ. ಆ ಕೈ ಕಲ್ಲು ಒಡೆದು ನೋಡಿದ ಕೈ. ಅದನ್ನು ಮುಂದೆ ಹೇಳುತ್ತೇನೆ.

ನಿಸಾರ್ ಅಹಮದ್ ಶಿವಮೊಗ್ಗದವರಾ?

ಹುಟ್ಟಿದ್ದು ದೇವನಹಳ್ಳಿಯಲ್ಲಿ, 1936ರ ಫೆಬ್ರವರಿ 5ರಂದು. ಓದಿದ್ದು ಭೂವಿಜ್ಞಾನ. 1959ರಲ್ಲಿ ಸ್ನಾತಕೋತ್ತರ ಪದವಿ ಪಡೆದು ಸರ್ಕಾರಿ ಕೆಲಸಕ್ಕೆ ಸೇರಿದರು. ಆಮೇಲೆ ಮೇಷ್ಟ್ರಾಗಿ ಬೆಂಗಳೂರಿನಲ್ಲೂ ನಮ್ಮ ಸಹ್ಯಾದ್ರಿ ಕಾಲೇಜಿನಲ್ಲೂ ಪಾಠ ಮಾಡಿದರು. ಹಾಗಾಗಿ ಅವರು ಹುಟ್ಟಿನಿಂದ ಶಿವಮೊಗ್ಗದವರಲ್ಲದಿದ್ದರೂ ಶಿವಮೊಗ್ಗದ ಅನ್ನ, ನೀರು, ಮಳೆ ಎಲ್ಲ ಕಂಡವರು. ಇಲ್ಲಿನವರು ಅವರನ್ನು ‘ನಮ್ಮ ನಿಸಾರ್ ಮೇಷ್ಟ್ರು’ ಅಂತಲೇ ಅನ್ನುತ್ತಾರೆ. 2006ರ ಡಿಸೆಂಬರ್‌ನಲ್ಲಿ 73ನೇ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನ ನಡೆದದ್ದು ಇದೇ ಶಿವಮೊಗ್ಗದಲ್ಲಿ, ಅಧ್ಯಕ್ಷತೆ ಅವರದೇ. ತಾನು ಪಾಠ ಮಾಡಿದ ಊರಿಗೆ ಸಮ್ಮೇಳನದ ಅಧ್ಯಕ್ಷರಾಗಿ ಬರುವ ಭಾಗ್ಯ ಎಷ್ಟು ಜನಕ್ಕೆ ಸಿಗುತ್ತದೆ ಹೇಳಿ. 2008ರಲ್ಲಿ ಪದ್ಮಶ್ರೀ ಬಂತು. 2020ರ ಮೇ 3ರಂದು ಲಾಕ್‌ಡೌನ್ ನಡುವೆ ತೀರಿಕೊಂಡರು. ಆ ದಿನ ಹೊರಗೆ ಸೇರಿ ಹಾಡುವ ಹಾಗಿರಲಿಲ್ಲ. ನಮ್ಮ ಬೀದಿಯಲ್ಲಿ ಒಂದೊಂದು ಮನೆಯಿಂದ ಮೊಬೈಲಿನಲ್ಲಿ ಈ ಹಾಡು ಕೇಳಿಬರುತ್ತಿತ್ತು.

ರಾಗ ಹಾಕಿದ್ದು ಶಿವಮೊಗ್ಗ ಸುಬ್ಬಣ್ಣ ಅಂತ ನಮ್ಮಪ್ಪ ಹೇಳ್ತಾರೆ. ನಿಜಾನಾ?

ರಾಗ ಸಂಯೋಜನೆ ಮೈಸೂರು ಅನಂತಸ್ವಾಮಿ ಅವರದು. ಹೆಸರಿನಲ್ಲಿ ಊರು ಇಟ್ಟುಕೊಂಡ ಇಬ್ಬರು ದೊಡ್ಡ ಗಾಯಕರು ಒಂದೇ ಕಾಲದಲ್ಲಿ ಇದ್ದದ್ದರಿಂದ ಈ ಗೊಂದಲ. ಸುಬ್ಬಣ್ಣ ನಮ್ಮ ಹೊಸನಗರ ತಾಲ್ಲೂಕಿನ ನಗರದವರು. ‘ಕಾಡು ಕುದುರೆ’ ಚಿತ್ರದ ಹಾಡಿಗೆ ರಾಷ್ಟ್ರಪ್ರಶಸ್ತಿ ಪಡೆದರು. ಹಿನ್ನೆಲೆ ಗಾಯನಕ್ಕೆ ಆ ಪ್ರಶಸ್ತಿ ಪಡೆದ ಮೊದಲ ಕನ್ನಡಿಗ ಅವರೇ. ನಿಮ್ಮಪ್ಪ ಸುಬ್ಬಣ್ಣನವರ ಕಂಠದಲ್ಲಿ ಭಾವಗೀತೆ ಕೇಳಿ ಬೆಳೆದವರಾದರೆ ಎಲ್ಲ ಹಾಡೂ ಅವರದೇ ಅನ್ನಿಸುವುದು ಸಹಜ.

ಇದೇ ನಾಡಗೀತೆನಾ? ಹಾಡುವಾಗ ಎದ್ದು ನಿಲ್ಲಬೇಕಾ?

ಇದು ನಾಡಗೀತೆ ಅಲ್ಲ. ನಾಡಗೀತೆ ಕುವೆಂಪು ಅವರ ‘ಜಯ ಭಾರತ ಜನನಿಯ ತನುಜಾತೆ’. ಸರ್ಕಾರ ಅದನ್ನು 2004ರಲ್ಲಿ ಅಧಿಕೃತಗೊಳಿಸಿತು. 2022ರಲ್ಲಿ ಅದಕ್ಕೆ ಮೈಸೂರು ಅನಂತಸ್ವಾಮಿ ಅವರ ಧಾಟಿಯನ್ನೇ ಗೊತ್ತುಮಾಡಿ, 2 ನಿಮಿಷ 30 ಸೆಕೆಂಡಿನಲ್ಲಿ ಹಾಡಬೇಕು ಅಂತ ಆದೇಶ ಮಾಡಿತು. ಒಂದು ಹಾಡು ತೀರ್ಥಹಳ್ಳಿ ತಾಲ್ಲೂಕಿನ ಕವಿಯದು. ಇನ್ನೊಂದು ಶಿವಮೊಗ್ಗದಲ್ಲಿ ಪಾಠ ಮಾಡಿದ ಕವಿಯದು. ಎರಡಕ್ಕೂ ಧಾಟಿ ಕೊಟ್ಟವರು ಒಬ್ಬರೇ. ನಿತ್ಯೋತ್ಸವಕ್ಕೆ ಸಮಯದ ಕಟ್ಟು ಇಲ್ಲ, ನಿಲ್ಲಬೇಕೆಂಬ ನಿಯಮ ಇಲ್ಲ. ಕೂತು ಹಾಡಿ, ಗದ್ದೆಯಲ್ಲಿ ನಾಟಿ ಮಾಡುತ್ತಾ ಹಾಡಿ, ಬಸ್ಸಿನಲ್ಲಿ ಹಾಡಿ.

ಅಲ್ಲ, ಒಂದು ಕವನ ಹೇಗೆ ಅಷ್ಟು ಹಿಟ್ ಆಯ್ತು? ಸಿನಿಮಾ ಹಾಡೂ ಅಲ್ಲವಲ್ಲ?

ಇದಕ್ಕೆ ಕಾರಣ ಕ್ಯಾಸೆಟ್. 1978ರಲ್ಲಿ ‘ನಿತ್ಯೋತ್ಸವ’ ಧ್ವನಿಸುರುಳಿ ಬಂತು. ಕನ್ನಡದ ಮೊದಲ ಸುಗಮ ಸಂಗೀತ ಧ್ವನಿಸುರುಳಿ ಅಂತ ಅದನ್ನೇ ಹೇಳುವುದು. ಅದಕ್ಕೂ ಮುಂಚೆ ಭಾವಗೀತೆ ಕೇಳಬೇಕು ಅಂದರೆ ರೇಡಿಯೋ ಹಾಕುವ ಹೊತ್ತಿಗೆ ಕಾಯಬೇಕಿತ್ತು, ಇಲ್ಲವೇ ಗಾಯಕರು ಊರಿಗೆ ಬರಬೇಕಿತ್ತು. ನಮ್ಮ ಕಡೆ ಭದ್ರಾವತಿ ಆಕಾಶವಾಣಿಯೇ ಗತಿ. ಮಳೆಗಾಲದಲ್ಲಿ ಗುಡುಗು ಬಂದರೆ ಅದೂ ಗೊರಗೊರ.

ಕ್ಯಾಸೆಟ್ ಬಂದ ಮೇಲೆ ಹಾಡು ನಮ್ಮ ಕೈಗೆ ಬಂತು. ಬೇಕಾದಾಗ ಹಾಕಬಹುದು, ತಿರುಗಿಸಿ ಮತ್ತೆ ಕೇಳಬಹುದು. ಕವನ ಕಲಿಯಲು ಇದೇ ಮುಖ್ಯ. ಸಿನಿಮಾ ಹಾಡಿನಲ್ಲಿ ಚಿತ್ರ ಕಣ್ಣಿಗೆ ಕಟ್ಟುತ್ತದೆ, ಪದ ಬಿಟ್ಟುಹೋದರೂ ನಡೆಯುತ್ತದೆ. ಭಾವಗೀತೆಯಲ್ಲಿ ಪದ ಬಿಟ್ಟರೆ ಏನೂ ಉಳಿಯಲ್ಲ. ನಮ್ಮ ಮನೆಯಲ್ಲಿ ಅಕ್ಕ ಒಂದೊಂದೇ ಸಾಲು ನಿಲ್ಲಿಸಿ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಿದ್ದಳು. ಟೇಪು ಸಿಕ್ಕಿಹಾಕಿಕೊಂಡರೆ ಪೆನ್ಸಿಲ್ ತೂರಿಸಿ ಸುತ್ತುವುದು ನನ್ನ ಕೆಲಸ. ಅಡಿಕೆ ಸುಲಿಯುವ ರಾತ್ರಿಗಳಲ್ಲಿ ಟೇಪ್‌ರೆಕಾರ್ಡರ್ ಜಗಲಿಗೆ ಬರುತ್ತಿತ್ತು. ಅಡಿಕೆ ಸುಲಿಯುವ ಮೆಟ್ಟುಗತ್ತಿಯ ಮುಂದೆ ಕೂತ ಹೆಂಗಸರು ಎರಡನೇ ಸಲಕ್ಕೇ ಪಲ್ಲವಿ ಹಿಡಿಯುತ್ತಿದ್ದರು. ಅಕ್ಷರ ಬಾರದವರ ಬಾಯಲ್ಲೂ ‘ಉತ್ತುಂಗ’ ಅನ್ನುವ ಪದ ಕುಣಿಯಿತು. ಪುಸ್ತಕ ಓದಿಸಿ ಅದನ್ನು ಮಾಡಲು ಆಗುತ್ತಿರಲಿಲ್ಲ.

ಇನ್ನೊಂದು ಮಾತು. ರಾಜ್ಯಕ್ಕೆ ಕರ್ನಾಟಕ ಅಂತ ಹೆಸರಾದದ್ದು 1973ರ ನವೆಂಬರ್ 1ರಂದು. ಸಂಕಲನ ಅದರ ಮೂರು ವರ್ಷಕ್ಕೆ, ಕ್ಯಾಸೆಟ್ ಐದು ವರ್ಷಕ್ಕೆ ಬಂತು. ಹೊಸ ಹೆಸರಿನ ಹುರುಪು ಜನರಲ್ಲಿ ಇನ್ನೂ ಬಿಸಿಯಾಗಿತ್ತು. ಸಂಭ್ರಮಕ್ಕೆ ಒಂದು ಹಾಡು ಬೇಕಿತ್ತು. ಇದು ಸಿಕ್ಕಿತು.

## ಪದ ಪದ ಹಿಡಿದು

‘ತುಂಗೆಯ ತೆರೆ’ನಾ, ‘ತುಂಗೆಯ ತೆನೆ’ನಾ? ನದಿಗೆ ತೆರೆ ಇರುತ್ತೆ, ತೆನೆ ಎಲ್ಲಿಂದ ಬಂತು?

ತೆನೆ. ತುಂಗೆಯ ನೀರು ಕುಡಿದು ಬೆಳೆದ ಭತ್ತದ ತೆನೆ. ನವೆಂಬರ್ ಹೊತ್ತಿಗೆ ಗಾಜನೂರು ನಾಲೆಯ ಬಯಲಿಗೆ ಒಮ್ಮೆ ಹೋಗಿ ನೋಡಿ. ತೆನೆ ಕಾಳು ಕಟ್ಟಿ ಭಾರವಾಗಿರುತ್ತದೆ. ಗಾಳಿ ಬಂದರೆ ಪೂರ್ತಿ ಗದ್ದೆ ಒಂದೇ ಸಲ ಒಂದು ಕಡೆಗೆ ವಾಲಿ, ಮತ್ತೆ ನಿಧಾನಕ್ಕೆ ಏಳುತ್ತದೆ. ಸಾಲಿನ ಕೊನೆಗೆ ಬರುವ ‘ಬಳುಕು’ ಅದೇ. ನೀರು ಬಳುಕಲ್ಲ, ಹರಿಯುತ್ತದೆ. ಬಳುಕುವುದು ಬಳ್ಳಿ, ಸೊಂಟ, ತೆನೆ. ‘ತೆರೆ’ ಅಂತ ಹಾಡಿದರೆ ಗದ್ದೆಯೇ ಮಾಯ. ದಯವಿಟ್ಟು ಮಕ್ಕಳಿಗೆ ಈ ಒಂದು ಅಕ್ಷರ ಸರಿಯಾಗಿ ಹೇಳಿಕೊಡಿ.

ಮಿಸ್, ‘ದದಿರ’ ಅಂದ್ರೇನು?

ಈ ಪ್ರಶ್ನೆ ಕೇಳಿದ್ದು ಐದನೇ ಕ್ಲಾಸಿನ ಹುಡುಗಿ. ಅವತ್ತಿನವರೆಗೆ ನನಗೂ ಅದರ ಕಡೆ ಗಮನ ಹೋಗಿರಲಿಲ್ಲ, ಹಾಡಿ ಹಾಡಿ ಅಭ್ಯಾಸವಾಗಿತ್ತು.

ಅದು ‘ದದಿರ’ ಅಲ್ಲ. ‘ಲೋಹದ’ ಮತ್ತು ‘ಅದಿರ’ ಸೇರಿ ‘ಲೋಹದದಿರ’ ಆಗಿದೆ. ಲೋಪಸಂಧಿ. ಅದಿರು ಅಂದರೆ ಗಣಿಯಿಂದ ತೆಗೆಯುವ, ಇನ್ನೂ ಕಾಯಿಸದ, ಶುದ್ಧಿ ಮಾಡದ ಕಲ್ಲು. ಸಹ್ಯಾದ್ರಿಯ ಬೆಟ್ಟವನ್ನು ಹೊಗಳಿದ ಕವಿಗಳು ಬೇಕಾದಷ್ಟಿದ್ದಾರೆ. ಹಸಿರು ಅಂದರು, ಮೋಡ ಅಂದರು, ಮುಗಿಲು ಮುಟ್ಟುವ ಶಿಖರ ಅಂದರು. ಬೆಟ್ಟದ ಹೊಟ್ಟೆಯೊಳಗೆ ಏನಿದೆ ಅಂತ ನೋಡಿ, ಅದನ್ನು ತಾಯಿಯ ಒಡವೆಯ ಹಾಗೆ ಹೇಳಿದವರು ಭೂವಿಜ್ಞಾನದ ಈ ಮೇಷ್ಟ್ರು. ನನಗೆ ಇಡೀ ಹಾಡಿನಲ್ಲಿ ತುಂಬಾ ಇಷ್ಟವಾದ ಪದ ಇದು.

ಮುಂದಿನ ಭಾನುವಾರ ಭದ್ರಾವತಿಯ ನೆಂಟರ ಮನೆಯಿಂದ ಒಂದು ಕಬ್ಬಿಣದ ಅದಿರಿನ ತುಂಡು ತಂದೆ. ಅವರ ಮನೆಯಲ್ಲಿ ಅದು ಬಾಗಿಲಿಗೆ ಅಡ್ಡ ಇಡುವ ಕಲ್ಲಾಗಿತ್ತು. ತೆಂಗಿನಕಾಯಿಗಿಂತ ಚಿಕ್ಕದು. ಮಕ್ಕಳ ಕೈಗೆ ಕೊಟ್ಟೆ. ಮೊದಲ ಹುಡುಗ ತೆಗೆದುಕೊಂಡ ಕೂಡಲೇ ಕೈ ಕೆಳಗಿಳಿಯಿತು. ಅಷ್ಟು ಭಾರ ಇರುತ್ತದೆ ಅಂತ ಅವನು ಅಂದುಕೊಂಡಿರಲಿಲ್ಲ. ಕೈಯಿಂದ ಕೈಗೆ ಹೋಗಿ ಕಲ್ಲು ವಾಪಸ್ ಬರುವ ಹೊತ್ತಿಗೆ ಹದಿನಾಲ್ಕು ಮಕ್ಕಳ ಅಂಗೈಯೂ ಕೆಂಪು. ಹೊರಗೆ ಕಪ್ಪಾಗಿ ಕಾಣುವ ಆ ಕಲ್ಲು ಉಜ್ಜಿದರೆ ಕೆಂಪು ಪುಡಿ ಬಿಡುತ್ತದೆ. ‘ಕೆಮ್ಮಣ್ಣುಗುಂಡಿ ಅಂತ ಹೆಸರು ಯಾಕೆ ಬಂತು ಗೊತ್ತಾಯ್ತಾ?’ ಅಂದೆ. ಆ ಹುಡುಗಿ ತನ್ನ ಅಂಗೈ ನೋಡಿಕೊಂಡು ‘ಇದೇ ಕೆಮ್ಮಣ್ಣು’ ಅಂದಳು. ಆ ದಿನ ಅವರು ‘ಲೋಹದದಿರ’ ಹಾಡಿದ್ದನ್ನು ನಾನು ಮರೆತಿಲ್ಲ. ಒಂದಕ್ಷರ ನುಂಗಲಿಲ್ಲ.

ಭದ್ರಾವತಿಯಲ್ಲಿ ಕಬ್ಬಿಣದ ಕಾರ್ಖಾನೆ 1923ರಲ್ಲಿ ಶುರುವಾಯಿತು. ವಿಶ್ವೇಶ್ವರಯ್ಯನವರ ಕನಸು ಅದು. ಅದಿರು ಕೆಮ್ಮಣ್ಣುಗುಂಡಿಯ ಬೆಟ್ಟದಿಂದ ರೋಪ್‌ವೇ ತೊಟ್ಟಿಗಳಲ್ಲಿ ಕೆಳಗೆ ಬರುತ್ತಿತ್ತು. ಕಾಯಿಸಲು ಶುರುವಿನಲ್ಲಿ ಮಲೆನಾಡಿನ ಕಾಡಿನ ಸೌದೆಯಿಂದ ಮಾಡಿದ ಇದ್ದಿಲು. ಹಾಗಾಗಿ ಅದಿರು ನಮ್ಮ ಕಡೆಯವರಿಗೆ ಬರೀ ಪುಸ್ತಕದ ಪದ ಅಲ್ಲ. ಎಷ್ಟೋ ಮನೆಗಳ ಒಲೆ ಅದರಿಂದಲೇ ಉರಿದಿದೆ.

ಎರಡನೇ ಚರಣದಲ್ಲಿ ‘ಹಿಮ’ ಇದೆ. ಕರ್ನಾಟಕದಲ್ಲಿ ಹಿಮ ಎಲ್ಲಿ ಬೀಳುತ್ತೆ?

‘ಇತಿಹಾಸದ ಹಿಮದಲ್ಲಿನ ಸಿಂಹಾಸನ ಮಾಲೆಯಲ್ಲಿ’ ಅನ್ನುವುದು ಆ ಸಾಲು. ಹಿಮ ಅಂದರೆ ಹಿಮಾಲಯದ ಬಿಳಿ ಗಡ್ಡೆ ಅಷ್ಟೇ ಅಲ್ಲ. ಮಂಜು, ಇಬ್ಬನಿ ಅಂತಲೂ ಅರ್ಥ ಇದೆ. ಡಿಸೆಂಬರ್ ಬೆಳಗ್ಗೆ ತೀರ್ಥಹಳ್ಳಿ ರಸ್ತೆಯಲ್ಲಿ ಬಂದವರಿಗೆ ಗೊತ್ತು. ಹತ್ತು ಮಾರು ಮುಂದಿನ ಮರ ಕಾಣಲ್ಲ, ಹತ್ತಿರ ಹೋದ ಹಾಗೆ ಒಂದೊಂದೇ ಮೂಡುತ್ತದೆ. ಇತಿಹಾಸವೂ ಹಾಗೆ ಮಂಜಿನೊಳಗೆ ಇದೆ, ಸಿಂಹಾಸನಗಳು ಒಂದರ ಹಿಂದೆ ಒಂದು ಮಸುಕಾಗಿ ಕಾಣುತ್ತವೆ. ನಾನು ಓದುವುದು ಹೀಗೆ.

ಸಿಂಹಾಸನ, ಶಾಸನ, ಓಲೆಗರಿ, ದೇಗುಲ ಅಂತೆಲ್ಲ ಬರುತ್ತಲ್ಲ, ಮಕ್ಕಳಿಗೆ ತೋರಿಸೋಕೆ ಹಂಪಿಗೇ ಹೋಗಬೇಕಾ?

ಬೇಡ. ಹಾಡು ಇಡೀ ನಾಡಿನದು, ನಿಜ. ಆದರೆ ಈ ನಾಲ್ಕನ್ನೂ ನಮ್ಮ ಜಿಲ್ಲೆಯಲ್ಲೇ ಒಂದು ದಿನದ ಬಸ್ ಪ್ರವಾಸದಲ್ಲಿ ತೋರಿಸಬಹುದು. ನಾನು ಎರಡು ಸಲ ಮಾಡಿದ್ದೇನೆ.

ಶಾಸನಕ್ಕೆ ಶಿಕಾರಿಪುರ ತಾಲ್ಲೂಕಿನ ತಾಳಗುಂದ. ಪ್ರಣವೇಶ್ವರ ಗುಡಿಯ ಮುಂದೆ ಕದಂಬರ ಸ್ತಂಭ ಶಾಸನ ಇದೆ. ಮಯೂರಶರ್ಮನ ಕಥೆ ಹೇಳುವುದು ಅದೇ. ಅಲ್ಲೇ ಸಿಕ್ಕ ಸಿಂಹಕಟಾಂಜನ ಶಾಸನವನ್ನು ಪುರಾತತ್ವ ಇಲಾಖೆ ಕ್ರಿ.ಶ. 370ರದೆಂದು ಹೇಳಿದೆ. ಹಲ್ಮಿಡಿ ಶಾಸನಕ್ಕಿಂತ ಹಳೆಯ ಕನ್ನಡ. ಇದು ಬೆಳಕಿಗೆ ಬಂದದ್ದು ಕವನ ಬರೆದು ಎಷ್ಟೋ ವರ್ಷ ಆದ ಮೇಲೆ. ಅಂದರೆ ‘ಶಾಸನಗಳ ಸಾಲು’ ಇನ್ನೂ ಉದ್ದವಾಗುತ್ತಲೇ ಇದೆ. ದೇಗುಲಕ್ಕೆ ಅಲ್ಲೇ ಹತ್ತಿರ ಬಳ್ಳಿಗಾವಿಯ ಕೇದಾರೇಶ್ವರ. ಸಾಗರದ ಕಡೆ ಹೊರಳಿದರೆ ಇಕ್ಕೇರಿಯ ಅಘೋರೇಶ್ವರ. ಸಿಂಹಾಸನಕ್ಕೆ ಕೆಳದಿ ಅರಸರಿದ್ದಾರೆ. ಓಲೆಗರಿಗೆ ಕೆಳದಿಯ ವಸ್ತು ಸಂಗ್ರಹಾಲಯ. ತಾಳೆಗರಿಯ ಮೇಲೆ ಚೂಪು ಕಡ್ಡಿಯಿಂದ ಕೊರೆದು, ಮೇಲೆ ಕಾಡಿಗೆ ಸವರಿ ಒರೆಸಿದರೆ ಕೊರೆದ ಗೆರೆಯಲ್ಲಿ ಮಾತ್ರ ಕಪ್ಪು ನಿಲ್ಲುತ್ತದೆ. ಮಕ್ಕಳು ಬಾಗಿ ನೋಡುತ್ತಾ ‘ಇಷ್ಟು ಸಣ್ಣ ಅಕ್ಷರ!’ ಅಂತಾರೆ. ಕವಿ ಅದನ್ನು ‘ಸಿರಿ’ ಅಂದಿದ್ದಾರೆ. ಜೋಗದ ಬೆಳಕಿಗೂ ಸಿರಿ, ಓಲೆಗರಿಗೂ ಸಿರಿ.

ಮೂರನೇ ಚರಣ ಬಾಯಲ್ಲೇ ಹೊರಳಲ್ಲ. ಬಿಟ್ಟು ಹಾಡಿದ್ರೆ ನಡೆಯುತ್ತಾ?

ಬಿಡಬೇಡಿ. ಪದ ಬಿಡಿಸಿಕೊಂಡರೆ ಕಷ್ಟ ಇಲ್ಲ. ‘ಸದ್ವಿಕಾಸಶೀಲ ನುಡಿ’ ಅಂದರೆ ಒಳ್ಳೆಯ ರೀತಿಯಲ್ಲಿ ಬೆಳೆಯುತ್ತಾ ಹೋಗುವ ಗುಣದ ಭಾಷೆ. ‘ಲೋಕಾವೃತ ಸೀಮೆ’ ಅಂದರೆ ಲೋಕವನ್ನೇ ಆವರಿಸುವಷ್ಟು ಅಗಲದ ಎಲ್ಲೆ. ವತ್ಸರ ಅಂದರೆ ವರ್ಷ, ನಿರ್ಮತ್ಸರ ಅಂದರೆ ಹೊಟ್ಟೆಕಿಚ್ಚು ಇಲ್ಲದ್ದು.

ವ್ಯಾಕರಣದಲ್ಲೂ ಇಲ್ಲಿ ಒಂದು ತಿರುವು ಇದೆ. ಮೊದಲ ಎರಡು ಚರಣ ‘ಅಲ್ಲಿ, ಅಲ್ಲಿ’ ಅಂತ ಜಾಗ ತೋರಿಸುತ್ತವೆ: ಬೆಳಕಿನಲ್ಲಿ, ತರುಗಳಲ್ಲಿ, ಭಿತ್ತಿಗಳಲಿ. ಮೂರನೆಯದರಲ್ಲಿ ‘ಅಲ್ಲಿ’ ಹೋಗಿ ‘ಹಿರಿಮೆಯೆ, ಗರಿಮೆಯೆ’ ಅಂತ ಕರೆಯುವ ದನಿ ಬರುತ್ತದೆ. ಊರೆಲ್ಲ ಸುತ್ತಿ ಬಂದ ಮಗ ಕೊನೆಗೆ ಮನೆಬಾಗಿಲಲ್ಲಿ ನಿಂತು ಅಮ್ಮನನ್ನು ಕೂಗಿದ ಹಾಗೆ. ಮೂರನೇ ಚರಣ ಬಿಟ್ಟರೆ ಆ ಕೂಗು ಬಿಟ್ಟ ಹಾಗಲ್ವಾ?

## ಹಾಡಿಸುವವರು ಕೇಳಿದ್ದು

ಗುಂಪಲ್ಲಿ ಹಾಡಿಸಿದ್ರೆ ನಾಲ್ಕನೇ ಸಾಲಿಗೇ ಮಕ್ಕಳು ಓಡಿಬಿಡ್ತಾರೆ. ಏನು ಮಾಡೋದು?

ಹಾರ್ಮೋನಿಯಂ ಪಕ್ಕಕ್ಕಿಡಿ. ಮೊದಲು ಬರೀ ಓದಿಸಿ, ಮಾತ್ರೆ (ಅಕ್ಷರ ಹೇಳಲು ಹಿಡಿಯುವ ಹೊತ್ತು) ಎಣಿಸಿ. ಈ ಪದ್ಯ ಆರಾರು ಮಾತ್ರೆಯ ನಡಿಗೆಯದು. ‘ಜೋಗದ ಸಿರಿ’ ಆರು, ‘ಬೆಳಕಿನಲ್ಲಿ’ ಆರು. ‘ತುಂಗೆಯ ತೆನೆ’ ಆರು, ‘ಬಳುಕಿನಲ್ಲಿ’ ಆರು. ನೆಲದ ಮೇಲೆ ಕೂರಿಸಿ ತೊಡೆ ತಟ್ಟುತ್ತಾ ಓದಿಸಿದರೆ ಹತ್ತು ನಿಮಿಷದಲ್ಲಿ ಹಿಡಿಯುತ್ತಾರೆ.

ಹೀಗೆ ಎಣಿಸುವಾಗಲೇ ನನಗೆ ಒಂದು ವಿಷಯ ಕಂಡಿತು. ‘ನಿತ್ಯೋತ್ಸವ’ ಪದದ ತೂಕ ನೋಡಿ: ಎರಡು ಗುರು (ಎರಡು ಮಾತ್ರೆಯ ಅಕ್ಷರ), ಎರಡು ಲಘು (ಒಂದು ಮಾತ್ರೆಯದು). ‘ಸಹ್ಯಾದ್ರಿಯ’ ಅದೇ ತೂಕ. ‘ಉತ್ತುಂಗದ’ ಅದೇ. ಎರಡನೇ ಚರಣದ ‘ಸಿಂಹಾಸನ’ ಅದೇ. ಮೂರನೆಯದರ ‘ಲೋಕಾವೃತ’, ‘ನಿರ್ಮತ್ಸರ’ ಕೂಡ ಅದೇ. ಪಲ್ಲವಿಯ ಪದ ಬೇರೆ ಬೇರೆ ವೇಷ ಹಾಕಿಕೊಂಡು ಪ್ರತಿ ಚರಣದಲ್ಲೂ ಬಂದು ಹೋಗುತ್ತದೆ. ಹಾಗಾಗಿ ಪ್ರತಿ ಸಲ ಪಲ್ಲವಿಗೆ ವಾಪಸ್ ಬಂದಾಗ ಗುರುತಿನವರ ಮನೆಗೆ ಬಂದಂತೆ ಅನ್ನಿಸುವುದು. ಈ ಪದಗಳ ಮೊದಲ ಎರಡು ಅಕ್ಷರಕ್ಕೆ ಪೂರ್ತಿ ಸಮಯ ಕೊಡಿ. ಮಕ್ಕಳು ಓಡುವುದು ಗುರುವನ್ನು ಲಘು ಮಾಡಿದಾಗ.

ಇನ್ನು ಕಾಡಿನ ಸಾಲು. ಅಲ್ಲಿ ನಡಿಗೆ ಮೂರು ಮೂರಾಗಿ ಒಡೆಯುತ್ತದೆ: ನಿತ್ಯ, ಹರಿದ್, ವರ್ಣ, ವನದ, ತೇಗ, ಗಂಧ. ಮರಗಳ ಸಾಲಿನ ನಡುವೆ ಬೇಗ ಬೇಗ ಹೆಜ್ಜೆ ಹಾಕಿದ ಹಾಗೆ. ಓಟ ಜಾಸ್ತಿ ಆಗುವುದು ಇಲ್ಲೇ. ಅದಕ್ಕೂ ಮುಂಚೆ ಒಂದು ಉಸಿರು ತೆಗೆದುಕೊಳ್ಳಲು ಹೇಳಿ, ಸರಿಹೋಗುತ್ತದೆ.

ವೇದಿಕೆ ಮೇಲೆ ಟ್ರ್ಯಾಕ್ ಹಾಕಿ ಹಾಡಿಸಬಹುದಾ?

ಹಾಕಬಹುದು. ಆದರೆ ಟ್ರ್ಯಾಕ್ ಇಲ್ಲದೆಯೂ ಹಾಡಲು ತಯಾರಿ ಇರಲಿ. ಒಂದು ರಾಜ್ಯೋತ್ಸವದ ದಿನ ನಮ್ಮ ಮಕ್ಕಳು ವೇದಿಕೆ ಏರಿದ ಮೇಲೆ ಕರೆಂಟ್ ಹೋಯಿತು. ಜನರೇಟರ್‌ಗೆ ಡೀಸೆಲ್ ಹಾಕಿಸಿರಲಿಲ್ಲ. ಮೈಕ್ ಇಲ್ಲ, ಸಂಗೀತ ಇಲ್ಲ. ಎರಡು ಸಾಲಿನ ಹೊತ್ತು ಮೌನ. ನನಗೆ ಬೆವರು ಕಿತ್ತುಕೊಂಡಿತು. ಆಮೇಲೆ ಹಿಂದಿನ ಸಾಲಿನ ಹುಡುಗನೊಬ್ಬ ಕಾಲಲ್ಲಿ ತಾಳ ಹಾಕಲು ಶುರುಮಾಡಿದ. ಮರದ ವೇದಿಕೆ, ಸದ್ದು ಚೆನ್ನಾಗಿ ಬಂತು. ಮಕ್ಕಳು ಹಿಡಿದರು. ಪಲ್ಲವಿಗೆ ಬರುವ ಹೊತ್ತಿಗೆ ಕೆಳಗೆ ಕೂತವರೂ ಸೇರಿಕೊಂಡರು. ಕತ್ತಲಲ್ಲಿ ಯಾರ ಮುಖವೂ ಕಾಣದೆ ನೂರಾರು ಜನ ‘ತಾಯಿ ನಿತ್ಯೋತ್ಸವ’ ಅನ್ನುವುದನ್ನು ಕೇಳಿದೆ. ಅವತ್ತಿನಿಂದ ಟ್ರ್ಯಾಕ್ ನನಗೆ ಅಷ್ಟು ಮುಖ್ಯ ಅನ್ನಿಸಿಲ್ಲ.

## ಇನ್ನೂ ಆಳಕ್ಕೆ ಹೋದವರಿಗೆ

ನಾನು ಕಾಡಲ್ಲಿ ಕೆಲಸ ಮಾಡಿದವನು. ತೇಗ, ಗಂಧ ನಿತ್ಯಹರಿದ್ವರ್ಣ ಕಾಡಿನ ಮರ ಅಲ್ಲವೇ ಅಲ್ಲ. ಕವಿ ತಪ್ಪು ಮಾಡಿದ್ದಾರಾ?

ನಿಮ್ಮ ಮಾತು ಸರಿ. ತೇಗ ಬೇಸಿಗೆಯಲ್ಲಿ ಎಲೆ ಉದುರಿಸುವ ಮರ. ಗಂಧ ಹಸಿರಾಗಿಯೇ ಇದ್ದರೂ ಬೆಳೆಯುವುದು ಒಣ ಕಡೆಯ ಕುರುಚಲು ಕಾಡಿನಲ್ಲಿ, ಪಕ್ಕದ ಗಿಡಗಳ ಬೇರಿಗೆ ತನ್ನ ಬೇರು ಹಚ್ಚಿಕೊಂಡು. ವರ್ಷಕ್ಕೆ 7000 ಮಿಲಿಮೀಟರಿಗೂ ಜಾಸ್ತಿ ಮಳೆ ಬೀಳುವ ಆಗುಂಬೆಯ ದಟ್ಟ ಕಾಡಿನಲ್ಲಿ ಇವೆರಡನ್ನೂ ಹುಡುಕಿದರೆ ಸಿಗಲ್ಲ.

ಆದರೆ ನಮ್ಮ ಜಿಲ್ಲೆಯ ನಕ್ಷೆ ನೋಡಿ. ಪಶ್ಚಿಮಕ್ಕೆ ಆಗುಂಬೆ, ಹೊಸನಗರದ ನಿತ್ಯ ಹಸಿರು. ಪೂರ್ವಕ್ಕೆ ಭದ್ರಾವತಿ, ಶಿಕಾರಿಪುರದ ಎಲೆ ಉದುರುವ ಕಾಡು. ಬಸ್ಸಿನಲ್ಲಿ ಮೂರು ಗಂಟೆಯ ದಾರಿಯೊಳಗೆ ಎರಡೂ ಬರುತ್ತವೆ. ಕವಿ ಆ ಎರಡನ್ನೂ ಒಂದೇ ಉಸಿರಿಗೆ ಸೇರಿಸಿದ್ದಾರೆ ಅಂತ ನಾನು ಓದುತ್ತೇನೆ. ಅರಣ್ಯದ ಪಟ್ಟಿಯಾಗಿ ಓದಿದರೆ ತಪ್ಪು ಕಾಣಬಹುದು, ಸಂಪತ್ತಿನ ಮಾಲೆಯಾಗಿ ಓದಿದರೆ ಸರಿ. ಗಂಧವಿಲ್ಲದೆ ಈ ನಾಡನ್ನು ಹೇಳುವುದಾದರೂ ಹೇಗೆ? ಟಿಪ್ಪು 1792ರಲ್ಲೇ ಅದನ್ನು ರಾಜವೃಕ್ಷ ಅಂತ ಸಾರಿದ್ದ. ಸಾಗರ, ಸೊರಬದ ಗುಡಿಗಾರರು ಇವತ್ತಿಗೂ ಅದೇ ಮರದಲ್ಲಿ ದೇವರನ್ನು ಕೆತ್ತುತ್ತಾರೆ.

ಕನ್ನಡ ಹಬ್ಬದ ಹಾಡು ಅಂತೀರಿ. ಆದ್ರೆ ಹಾಡಲ್ಲಿ ‘ಕನ್ನಡ’ ಅನ್ನೋ ಪದವೇ ಇಲ್ವಲ್ಲ?

ಇದನ್ನು ಕೇಳಿದವರಿಗೆ ನನ್ನ ನಮಸ್ಕಾರ. ಎಣಿಸಿ ನೋಡಿ, ಹಾಡುವ ಮೂರು ಚರಣಗಳಲ್ಲಿ ಕನ್ನಡ, ಕರ್ನಾಟಕ ಎರಡೂ ಇಲ್ಲ. ಇರುವುದು ಜೋಗ, ತುಂಗೆ, ಸಹ್ಯಾದ್ರಿ, ಅದಿರು, ತೇಗ, ಗಂಧ, ಶಾಸನ, ಓಲೆಗರಿ, ನುಡಿ. ಹೆಸರು ಹೇಳದೆಯೇ ಎಲ್ಲರಿಗೂ ಗೊತ್ತಾಗುತ್ತದೆ. ಮನೆಯಲ್ಲಿ ಅಮ್ಮನನ್ನು ನಾವು ಹೆಸರಿಟ್ಟು ಕರೆಯುತ್ತೇವಾ? ಈ ಹಾಡು ಕೇಳಿದಾಗ ಮನಸ್ಸು ಹಗುರವಾಗುವುದು ಇದರಿಂದಲೇ ಅಂತ ನನ್ನ ನಂಬಿಕೆ. ಅದು ಅಭಿಮಾನ ಪಡಿ ಅಂತ ಹೇಳುವುದಿಲ್ಲ. ಒಂದೊಂದೇ ವಸ್ತು ಎತ್ತಿ ಕೈಯಲ್ಲಿಡುತ್ತದೆ, ನಾನು ಮಕ್ಕಳಿಗೆ ಆ ಅದಿರು ಕೊಟ್ಟ ಹಾಗೆ.

‘ತಾಯಿ’ ಅಂದ್ರೆ ಭುವನೇಶ್ವರಿನಾ? ಕವಿ ಮುಸ್ಲಿಂ ಅಲ್ವಾ?

ಭುವನೇಶ್ವರಿ ಅಂತ ಕೈ ಮುಗಿದು ಹಾಡುವವರು ಹಾಗೇ ಹಾಡಲಿ. ಪದ್ಯದೊಳಗೆ ದೇವಿಯ ಹೆಸರಿಲ್ಲ, ತಾಯಿ ಅಂತಷ್ಟೇ ಇದೆ. ನೆಲ, ನುಡಿ ಎರಡೂ ಆ ಪದದಲ್ಲಿ ಹಿಡಿಸುತ್ತವೆ. ಎರಡನೇ ಪ್ರಶ್ನೆಗೆ ಉತ್ತರ ಹೌದು. ಅದಕ್ಕೆ ನಾನು ಹೆಚ್ಚು ವಿವರಣೆ ಕೊಡಲ್ಲ. ‘ಕುಲವೆನ್ನದ ಗರಿಮೆ’ ಅಂತ ಹಾಡಿನಲ್ಲೇ ಇದೆ. 2017ರಲ್ಲಿ ಮೈಸೂರು ದಸರಾ ಉದ್ಘಾಟನೆಗೆ ನಾಡು ಅವರನ್ನೇ ಕರೆಯಿತು, ಅವರು ಚಾಮುಂಡಿ ಬೆಟ್ಟಕ್ಕೆ ಬಂದು ಹೂವು ಹಾಕಿದರು. ನಾಡು ಅವರನ್ನು ‘ನಿತ್ಯೋತ್ಸವ ಕವಿ’ ಅಂತ ಕರೆದಿದೆ. ನನಗೆ ಅಷ್ಟು ಸಾಕು.

ನಮ್ಮದು ಮುಳುಗಡೆಯಲ್ಲಿ ಊರು ಕಳಕೊಂಡ ಮನೆ. ‘ಜೋಗದ ಸಿರಿ ಬೆಳಕು’ ಅಂತ ಖುಷಿಯಿಂದ ಹಾಡೋಕೆ ನಮಗೆ ಹೇಗೆ ಆಗುತ್ತೆ?

ಈ ಪತ್ರ ಬಂದದ್ದು ಸಾಗರದ ಕಡೆಯಿಂದ. ಉತ್ತರ ಬರೆಯಲು ನನಗೆ ತುಂಬಾ ದಿನ ಹಿಡಿಯಿತು.

ಜೋಗದ ಬೆಳಕು ಅಂದರೆ ನಮ್ಮವರಿಗೆ ಎರಡು ಅರ್ಥ. ಒಂದು, ರಾಜ, ರಾಣಿ, ರೋರರ್, ರಾಕೆಟ್ ನಾಲ್ಕೂ ಕವಲಾಗಿ 830 ಅಡಿ ಧುಮುಕುವ ನೀರಿನ ಮೇಲೆ ಬಿಸಿಲು ಬಿದ್ದಾಗಿನ ಹೊಳಪು. ಇನ್ನೊಂದು, ಮನೆಯ ಬಲ್ಬು. ಜೋಗದಲ್ಲಿ 1948ರಿಂದ ಕರೆಂಟ್ ತಯಾರಾಗುತ್ತಿದೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಆದ ಮೇಲೆ ಶರಾವತಿಯ ವಿದ್ಯುತ್ ನಾಡಿಗೆಲ್ಲ ಹರಿಯಿತು. ಆ ಹಿನ್ನೀರಿನ ಕೆಳಗೆ ಗದ್ದೆ, ತೋಟ, ಗುಡಿ, ಊರು ಎಲ್ಲ ಹೋದವು. ಅದಕ್ಕೂ ಮುಂಚಿನ ಹಿರೇಭಾಸ್ಕರ ಅಣೆಕಟ್ಟು ಕೂಡ ಅದರೊಳಗೇ ಮುಳುಗಿತು. ಮಳೆ ಕಡಿಮೆಯಾದ ವರ್ಷ ಬೇಸಿಗೆಯಲ್ಲಿ ನೀರು ಇಳಿದಾಗ ಅದರ ಗೋಡೆ ಮೇಲೆ ಬರುತ್ತದೆ. ಜನ ಹೋಗಿ ನೋಡಿ ಬರುತ್ತಾರೆ.

ಬೇರೆಯವರ ಮನೆಯ ದೀಪಕ್ಕೆ ಊರು ಕೊಟ್ಟವರಿಗೆ ‘ಖುಷಿಯಿಂದ ಹಾಡಿ’ ಅಂತ ಹೇಳುವ ಹಕ್ಕು ನನಗಿಲ್ಲ. ಅದಿರಿನ ಸಾಲಿಗೂ ಇದೇ ನೋವು ಇದೆ. ಕುದುರೆಮುಖದ ಗಣಿ ಕಂಪನಿ ಹುಟ್ಟಿದ್ದೂ 1976ರಲ್ಲೇ. ಬೆಟ್ಟ ಅಗೆದು, ಹೊಳೆಯಲ್ಲಿ ಕೆಸರು ಹರಿದು, ಕೋರ್ಟಿನ ಆದೇಶದಿಂದ 2005ರ ಕೊನೆಗೆ ನಿಂತಿತು. ಈ ಸಾಲುಗಳನ್ನು ಹಾಡುವಾಗ ಅದೂ ನೆನಪಾಗಬೇಕು. ನೆನಪಾದರೆ ಹಾಡಿಗೆ ಕಮ್ಮಿಯಾಗುವುದಿಲ್ಲ ಅಂತ ನಾನು ತಿಳಿದಿದ್ದೇನೆ.

ಪತ್ರ ಬರೆದವರಿಗೆ ಇಷ್ಟನ್ನೇ ಬರೆದೆ. ಮೂರು ವಾರಕ್ಕೆ ಇನ್ನೊಂದು ಕಾಗದ ಬಂತು. ಎಂಬತ್ತು ದಾಟಿದ ಅವರ ತಾಯಿಗೆ ನನ್ನ ಉತ್ತರ ಓದಿ ಹೇಳಿದರಂತೆ. ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದು, ಮುಳುಗಿದ ಊರಿನ ಮನೆಗಳ ಹೆಸರು ಒಂದೊಂದಾಗಿ ಹೇಳಿದರಂತೆ: ಮೇಲಿನಮನೆ, ಹೊಳೆಬದಿಮನೆ, ಹಲಸಿನಮರದ ಮನೆ. ಹೇಳಿ ಮುಗಿಸಿ ಮೊಮ್ಮಗಳನ್ನು ಕರೆದು, ‘ಈಗ ಆ ಜೋಗದ ಹಾಡು ಹೇಳು’ ಅಂದರಂತೆ.